ಹಲಗೆ ಜಗಲಿಯ ಕೆಳಗಿನ ಜೇಕು

ನೆಟ್ಟಗೆ ಕುಳಿತು ಕೇಳಿ, ಮಕ್ಕಳೇ. ಕಥೆ ಉದ್ದವಿಲ್ಲ.

ಕಂಚಿನಕೋಟೆ ಎಂಬ ರಾಜ್ಯದಲ್ಲಿ ಚಂದ್ರಸೇನನೆಂಬ ಅರಸನಿದ್ದ. ಅವನ ತಾಯಿ ಪದ್ಮಾಂಬೆಗೆ ಮೊಣಕಾಲು ನೋವು. ಒದ್ದೆ ನೆಲಕ್ಕೆ ಕಾಲಿಟ್ಟರೆ ನೋವು ಸೊಂಟಕ್ಕೇರುತ್ತಿತ್ತು. ಆದರೂ ಬೆಳಗ್ಗೆ ತೋಟದಲ್ಲಿ ಕುಳಿತು ಒಂದು ಮೊಳ ಮಲ್ಲಿಗೆ ಕಟ್ಟದಿದ್ದರೆ ಆಕೆಗೆ ದಿನ ಶುರುವಾಗುತ್ತಿರಲಿಲ್ಲ. ಅದಕ್ಕೆ ಅರಸ ತೋಟದ ನಡುವೆ ಒಂದು ಹಲಗೆ ಜಗಲಿ ಕಟ್ಟಿಸಬೇಕೆಂದ. ನೆಲದಿಂದ ಗೇಣೆತ್ತರಕ್ಕೆ ತೊಲೆಗಳು. ತೊಲೆಗಳ ಮೇಲೆ ಸಾಗುವಾನಿ ಹಲಗೆಗಳು. ಮಳೆನೀರು ಇಳಿಯಲೆಂದು ಹಲಗೆ ಹಲಗೆಯ ನಡುವೆ ಒಂದು ಬೆರಳಿನ ಸಂದು.

ನೆಲ ಹಸನು ಮಾಡುವುದು ತೋಟದ ಪಾರುಪತ್ಯಗಾರ ಸಿಂಗರಸನ ಕೆಲಸ. ಹಲಗೆ ಹೊಡೆಯುವುದು ಬಡಗಿ ಮೌನಪ್ಪನ ಕೆಲಸ.

ಆ ನೆಲದ ತುಂಬ ಜೇಕು. ಜೇಕು ಎಂದರೆ ಮೇಲೆ ನೋಡಲು ಹುಲ್ಲು, ಅಷ್ಟೇ. ಮಣ್ಣಿನೊಳಗೆ ಮಾತ್ರ ಕಡಲೆಕಾಳಿನಷ್ಟು ದಪ್ಪದ ಕಪ್ಪು ಗಡ್ಡೆಗಳು ಸರಪಳಿಯಂತೆ ಹಬ್ಬಿರುತ್ತವೆ. ಒಂದು ಉಳಿದರೂ ಹತ್ತಾಗುತ್ತದೆ. ಅಗೆದು, ಮಣ್ಣನ್ನು ಜರಡಿ ಹಿಡಿದು, ಗಡ್ಡೆ ಆರಿಸಲು ತಿಂಗಳು ಬೇಕು. ಸಿಂಗರಸ ಅದನ್ನು ಒಂದು ಬೆಳಗ್ಗೆ ಮುಗಿಸಿದ. ಮೇಲಿನ ಹುಲ್ಲನ್ನು ಕುಡುಗೋಲಿನಿಂದ ಸವರಿಸಿದ, ಎರಡು ಬೆರಳು ಮರಳು ಹರಡಿಸಿದ, ಮನೆಗೆ ಹೋಗಿ ಊಟ ಮಾಡಿ ಮಲಗಿದ.

“ಬೇರು ತೆಗೆಸಿದ್ದೀರಾ, ಬುದ್ಧಿ?” ಎಂದು ಮೌನಪ್ಪ ಕೇಳಿದ.

“ಹಲಗೆಯ ಮೇಲಿನದು ನಿನ್ನದು, ಕೆಳಗಿನದು ನನ್ನದು. ನಿನ್ನ ಉಳಿ ನೀನು ನೋಡಿಕೋ.”

ಮರಳು ಚೊಕ್ಕವಾಗಿ ಕಾಣುತ್ತಿತ್ತು. ಮೌನಪ್ಪ ಹಲಗೆ ಹೊಡೆದ.

ಮೊದಲ ಮಳೆ ಬಂತು. ಸಂದಿನಿಂದ ಜೇಕು ಸೂಜಿಯಂತೆ ಎದ್ದು ರಾಜಮಾತೆಯ ಅಂಗಾಲಿಗೆ ಚುಚ್ಚಿತು. ಬಡಗಿ ಸಂದು ಅಗಲ ಬಿಟ್ಟಿದ್ದಾನೆ ಎಂದ ಸಿಂಗರಸ. ಕಂಡಷ್ಟನ್ನು ಕತ್ತರಿಸಿದ.

ಎರಡನೆಯ ಮಳೆ ಬಂತು. ಕೆಳಗೆ ಜೇಕು ಒತ್ತಾಗಿ ಬೆಳೆದು ಗಾಳಿಯಾಡದೆ ಹಲಗೆ ಉಬ್ಬಿ ಎದ್ದಿತು. ರಾಜಮಾತೆ ಎಡವಿ ಬಿದ್ದರು. ಬಡಗಿ ಮೊಳೆ ಸಡಿಲ ಹೊಡೆದಿದ್ದಾನೆ ಎಂದ ಸಿಂಗರಸ. ಮತ್ತೆ ಕಂಡಷ್ಟನ್ನು ಕತ್ತರಿಸಿದ.

ಮೂರನೆಯ ಮಳೆ ಬಂತು. ಜೇಕಿನ ಮರೆಯಲ್ಲಿ ಮನೆ ಮಾಡಿದ್ದ ಕೆರೆಹಾವು ಮಲ್ಲಿಗೆ ಬುಟ್ಟಿಯ ಪಕ್ಕದಲ್ಲೇ ಹರಿದುಹೋಯಿತು. ಅಂದಿನಿಂದ ರಾಜಮಾತೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಅರಸನಿಗೆ ಕೋಪ ಬಂತು. ಸಿಂಗರಸ ಕೈಮುಗಿದು, ಬಡಗಿ ಹಸಿ ಮರ ಹಾಕಿದ್ದಾನೆ, ಆ ಮರವೇ ಚಿಗುರುತ್ತಿದೆ ಎಂದ. ಸಾಗುವಾನಿ ಚಿಗುರಿದರೆ ಹುಲ್ಲು ಬರುತ್ತದೆಯೇ ಎಂದು ಅರಸ ಕೇಳಬೇಕಿತ್ತು. ಕೋಪದಲ್ಲಿರುವವರು ಕೇಳಬೇಕಾದುದನ್ನು ಕೇಳುವುದಿಲ್ಲ. ಉಳಿ, ಬಾಚಿ, ಗರಗಸ ಎಲ್ಲವನ್ನೂ ಅರಮನೆಗೆ ಒಪ್ಪಿಸಿ ಮೂರು ದಿನದಲ್ಲಿ ರಾಜ್ಯ ಬಿಡಬೇಕೆಂದು ಮೌನಪ್ಪನಿಗೆ ಅಪ್ಪಣೆಯಾಯಿತು. ಉಳಿಯಿಲ್ಲದ ಬಡಗಿ ಯಾವ ಊರಿಗೆ ಹೋಗಿ ಏನು ಮಾಡಿಯಾನು? ಅವನು ಅಳುತ್ತಾ ಉಪಕರಣಗಳ ಗಂಟು ಕಟ್ಟಿದ.

ಅವನ ಹೆಂಡತಿ ಕಾಳಮ್ಮ ಅಳಲಿಲ್ಲ. ನೇರವಾಗಿ ಅರಸನ ಎದುರು ಹೋಗಿ ನಿಂತು ಮುಂದಿನ ಮಳೆಗಾಲ ಮುಗಿಯುವವರೆಗೆ ಗಡುವು ಕೇಳಿದಳು. ಜಗಲಿ ಬಿಚ್ಚಿಸಿ ನೆಲವನ್ನು ಎರಡು ಪಾಲು ಮಾಡಿ, ಒಂದನ್ನು ಪಾರುಪತ್ಯಗಾರರು ಹಸನು ಮಾಡಲಿ, ಇನ್ನೊಂದನ್ನು ನಾನು ಮಾಡುತ್ತೇನೆ. ಎರಡರ ಮೇಲೂ ಅದೇ ಹಲಗೆ, ಅದೇ ಬಡಗಿ. ಮರದ ತಪ್ಪಾದರೆ ಎರಡೂ ಕಡೆ ಚಿಗುರಬೇಕಲ್ಲ ಎಂದಳು. ಅರಸ ಒಪ್ಪಿದ. ನಡುವೆಯೂ ಸುತ್ತಲೂ ಎತ್ತರದ ಬೇಲಿ ಹಾಕಿಸಿ ಎರಡು ಬಾಗಿಲಿಗೆ ಎರಡು ಬೀಗ ಹಾಕಿಸುತ್ತೇನೆ ಎಂದ.

“ಹಾಗಾದರೆ ನನ್ನ ಪಾಲಿನ ಬೀಗದ ಕೈ ಪಾರುಪತ್ಯಗಾರರ ಹತ್ತಿರವೇ ಇರಲಿ, ಮಹಾಸ್ವಾಮಿ. ಅವರ ಪಾಲಿನದು ನಮಗೆ ಕೊಡಿ. ಆಮೇಲೆ ಯಾರೂ ಯಾರನ್ನೂ ಅನುಮಾನಿಸುವಂತಿರಬಾರದು.”

ಸಭೆಯಲ್ಲಿ ಮುಸಿಮುಸಿ ನಗು ಎದ್ದಿತು. ಸಿಂಗರಸ ಮೀಸೆಯ ಮರೆಯಲ್ಲಿ ನಕ್ಕ. ಮೌನಪ್ಪ ಹಣೆ ಚಚ್ಚಿಕೊಂಡ.

“ನಿನಗೆ ಬುದ್ಧಿ ಕೆಟ್ಟಿದೆಯೇನೇ?” ಎಂದು ಮನೆಗೆ ಬಂದು ಕೇಳಿದ.

“ಬಾಯಿ ಮುಚ್ಚಿಕೊಂಡು ಜರಡಿ ಹಿಡಿ” ಎಂದಳು ಕಾಳಮ್ಮ.

ಮುಂದಿನ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಸಿಂಗರಸ ತನ್ನ ಪಾಲನ್ನು ಎಂದಿನಂತೆ ಸವರಿಸಿ, ಮರಳು ಹರಡಿಸಿ, ಮಲಗಿದ. ಕಾಳಮ್ಮ ಮೊಳದಾಳ ಅಗೆದಳು, ಮಣ್ಣನ್ನು ಜರಡಿ ಹಿಡಿದಳು, ಬಿಸಿಲಿಗೆ ಬಿಟ್ಟಳು. ಆಮೇಲೆ ಬೇಕೆಂದೇ ನೀರು ಹಾಕಿದಳು. ಉಳಿದ ಗಡ್ಡೆಗಳು ಮೊಳೆತವು. ಅವನ್ನೂ ಆರಿಸಿ ತೆಗೆದಳು. ಹೀಗೆ ಮೂರು ಸಲ. ನೀರು ಹಾಕಿದರೂ ಏನೂ ಏಳದೆ ಹೋದಾಗ ನೆಲ ತಟ್ಟಿ ಸಮ ಮಾಡಿ, ದಪ್ಪನೆಯ ಕರಿ ಕಂಬಳಿಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ಹಾಸಿ, ಗೂಟ ಹೊಡೆದು, ಮೇಲೆ ನಾಲ್ಕು ಬೆರಳು ಜಲ್ಲಿ ಹಾಕಿದಳು. ಕಂಬಳಿಯಿಂದ ನೀರು ಇಳಿಯುತ್ತದೆ, ಬೆಳಕು ಇಳಿಯುವುದಿಲ್ಲ. ಮೌನಪ್ಪ ಗಂಟು ಬಿಚ್ಚಿ ಎರಡೂ ಕಡೆ ಹಲಗೆ ಹೊಡೆದು, ಉಪಕರಣಗಳನ್ನು ಮತ್ತೆ ಗಂಟು ಕಟ್ಟಿಟ್ಟ. ಬೀಗ ಬಿದ್ದವು.

ಮಳೆಗಾಲ ಮುಗಿಯಿತು. ಅರಸ, ರಾಜಮಾತೆ, ಸಭೆಯವರು ಎಲ್ಲರೂ ತೋಟಕ್ಕೆ ಬಂದರು. ಸಿಂಗರಸನ ಪಾಲಿನಲ್ಲಿ ಜೇಕು ಮೊಣಕಾಲೆತ್ತರ ನಿಂತಿತ್ತು. ಕಾಳಮ್ಮನ ಪಾಲಿನಲ್ಲಿ ಒಂದು ಎಸಳೂ ಇರಲಿಲ್ಲ.

ಸಿಂಗರಸ ಮುಂದೆ ಬಂದ. “ಮೇಲೆ ನೋಡಿ ಮೋಸಹೋಗಬೇಡಿ, ಮಹಾಸ್ವಾಮಿ. ಹಲಗೆ ಎತ್ತಿಸಿ. ಕೆಳಗೆ ಗಡ್ಡೆ ತುಂಬಿರುತ್ತದೆ.”

ಹಲಗೆ ಎತ್ತಿಸಿದರು. ಜಲ್ಲಿಯ ಮೇಲೆ ಜೇಕಿನ ಗಡ್ಡೆಗಳು ನಿಜವಾಗಿಯೂ ಚೆಲ್ಲಿ ಬಿದ್ದಿದ್ದವು. ಕೆಲವು ಬಿಳಿ ಮೊಳಕೆ ಒಡೆದು, ಬೇರೂರಲು ಮಣ್ಣು ಸಿಗದೆ ಕರಟಿಹೋಗಿದ್ದವು. ಮೌನಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ. ಕಾಳಮ್ಮ ಮಾತ್ರ ಜಲ್ಲಿ ಸರಿಸಿ ಕಂಬಳಿಯ ಅಂಚು ಎತ್ತಿ ಹಿಡಿದಳು. ಅಡಿಯ ಮಣ್ಣು ಹಿಟ್ಟಿನಂತೆ ಚೊಕ್ಕವಾಗಿತ್ತು.

“ಗಡ್ಡೆ ಮಣ್ಣಿನಲ್ಲಿ ಹುಟ್ಟುತ್ತದೆ. ಇವು ಕಂಬಳಿಯ ಮೇಲಿವೆ. ಅಂದರೆ ಸಂದಿನಿಂದ ಯಾರೋ ಉದುರಿಸಿದ್ದಾರೆ” ಎಂದಳು. “ಈ ಬಾಗಿಲಿನ ಬೀಗದ ಕೈ ಯಾರ ಸೊಂಟದಲ್ಲಿದೆ, ಮಹಾಸ್ವಾಮಿ?”

ಎಲ್ಲರೂ ಸಿಂಗರಸನ ಸೊಂಟ ನೋಡಿದರು. ಬೀಗದ ಕೈ ಅಲ್ಲೇ ತೂಗುತ್ತಿತ್ತು.

ಈ ಸಲ ಅರಸ ಕೇಳಬೇಕಾದುದನ್ನೆಲ್ಲ ಕೇಳಿದ. ಮೂರು ಸಲ ಬಂದು ಗಡ್ಡೆ ಎರಚಿದ್ದನ್ನು ಸಿಂಗರಸ ಒಪ್ಪಿಕೊಂಡ. ಅವನ ಪಾರುಪತ್ಯ ಹೋಯಿತು. ಕೈಗೆ ಗುದ್ದಲಿ ಬಂತು. ತನ್ನ ಪಾಲಿನ ನೆಲವನ್ನು ತಾನೇ ಮೊಳದಾಳ ಅಗೆದು, ಪ್ರತಿ ಜರಡಿಯನ್ನೂ ಕಾಳಮ್ಮನಿಗೆ ತೋರಿಸಬೇಕೆಂದು ಅಪ್ಪಣೆಯಾಯಿತು. ಕಾಳಮ್ಮ ಒಂದು ಗಡ್ಡೆಯನ್ನೂ ಉಳಿಯಲು ಬಿಡಲಿಲ್ಲ.

ಮೌನಪ್ಪ ಮನೆಗೆ ಹೋಗಿ ಗಂಟು ಬಿಚ್ಚಿದ. ಉಳಿ ಉಳಿಯ ಜಾಗಕ್ಕೆ, ಬಾಚಿ ಬಾಚಿಯ ಜಾಗಕ್ಕೆ ಹೋದವು. ಅಂದು ಅವನು ಹೊಟ್ಟೆ ತುಂಬ ಉಂಡ.

ಮರುದಿನ ಬೆಳಗ್ಗೆ ರಾಜಮಾತೆ ಕಾಳಮ್ಮನ ಪಾಲಿನಲ್ಲಿ ಮತ್ತೆ ಹೊಡೆದ ಹಲಗೆಯ ಮೇಲೆ ಬರಿಗಾಲಿನಲ್ಲಿ ಒಂದು ಹೆಜ್ಜೆ ಇಟ್ಟರು. ನಿಂತರು. ಏನೂ ಚುಚ್ಚಲಿಲ್ಲ. ಎರಡು, ಮೂರು ಹೆಜ್ಜೆ ಇಟ್ಟು, ಕುಳಿತು, ಮಲ್ಲಿಗೆ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಟ್ಟಿದ ಮೊದಲ ಮೊಳವನ್ನು ಕಾಳಮ್ಮನ ತಲೆಗೆ ಮುಡಿಸಿದರು.

ನೀತಿ ಇಷ್ಟೇ, ಮಕ್ಕಳೇ: ಕೊಳೆಯನ್ನು ಮೊದಲು ತೆಗೆಯಬೇಕು, ಆಮೇಲೆ ಮುಚ್ಚಬೇಕು. ತೆಗೆಯದೆ ಮುಚ್ಚಿದ್ದು ನೆಲದಲ್ಲಾದರೂ ಮನಸ್ಸಿನಲ್ಲಾದರೂ ಒಂದು ಮಳೆಗೆ ಮೇಲೆ ಬರುತ್ತದೆ. ಈಗ ಎದ್ದು ನಿಮ್ಮ ನಿಮ್ಮ ಚಾಪೆ ಮಡಿಸಿಡಿ. ಮಡಿಸುವ ಮೊದಲು ಅಡಿಯ ಕಸ ಗುಡಿಸಿ.