ಟೆಲಿಫೋನ್ ಹುಡುಗಿಯ ಪರವಾಗಿ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಜಪಕ್ಕಿಂತ ಸಿನಿಮಾ ಜಾಸ್ತಿ. ಶನಿವಾರ ಸಂಜೆಯಾದರೆ ಸುಣ್ಣ ಬಳಿದ ಗೋಡೆಯ ಮೇಲೆ ಹಳೆಯ ಅಮೆರಿಕನ್ ಚಿತ್ರವೊಂದು ಮೂಡುತ್ತಿತ್ತು. ಅದು ಮುಗಿದ ಮೇಲೆ ಶಿಷ್ಯರೆಲ್ಲ ಹೊಳೆಯ ಮೆಟ್ಟಿಲ ಮೇಲೆ ಕೂತು ವಾದಕ್ಕಿಳಿಯುತ್ತಿದ್ದರು.

ಶ್ರೀಪಾದ ಗುರುಗಳು ಒಂದು ಕಾಲಕ್ಕೆ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿದವರು. ಸಿನಿಮಾ ಜಗಳಕ್ಕೂ ಶಾಸ್ತ್ರದ ಕಟ್ಟುಪಾಡನ್ನೇ ತಂದಿದ್ದರು. ನಿನ್ನ ಮಾತು ಆಡುವ ಮೊದಲು ಎದುರಾಳಿಯ ಮಾತನ್ನು ನೀನೇ ಹೇಳಬೇಕು. ಅದು ಪೂರ್ವಪಕ್ಷ. ಕೇಳಿದವನಿಗೆ, ಹೌದು, ನನ್ನ ಮನಸ್ಸಿನಲ್ಲಿದ್ದದ್ದು ಇದೇ ಅನ್ನಿಸಿದರೆ ಅಂಗೈಯಿಂದ ಕಲ್ಲನ್ನು ಒಮ್ಮೆ ತಟ್ಟಬೇಕು. ತಟ್ಟಿದ ಮೇಲೇ ನಿನ್ನ ಸರದಿ.

ಹಾಲೇಶನಿಗೆ ಈ ಕಟ್ಟುಪಾಡು ಕಂಡರೆ ಆಗುತ್ತಿರಲಿಲ್ಲ. ಪೂರ್ವಪಕ್ಷವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ಎದುರಿನವರು ತಟ್ಟಿದರೋ ಬಿಟ್ಟರೋ ನೋಡದೆ, ತನ್ನ ಕುದುರೆಯನ್ನು ಓಡಿಸಿಬಿಡುತ್ತಿದ್ದ.

ಕುದುರೆ ಅಂದರೆ ಅವನ ಮೆಚ್ಚಿನ ಚಿತ್ರದ ಕುದುರೆ. ಮರಳುಗಾಡಿನ ಊರಿಗೆ ಒಬ್ಬ ಸವಾರ ಬರುತ್ತಾನೆ. ಊರನ್ನು ಪುಂಡರಿಂದ ಕಾಪಾಡುತ್ತಾನೆ. ಕೊನೆಗೆ ಕುದುರೆಯನ್ನು ಒಬ್ಬ ಬಡ ವಿಧವೆಯ ಮನೆಯ ಮುಂದೆ ಕಟ್ಟಿ, ಯಾರಿಗೂ ಒಂದು ಮಾತು ಹೇಳದೆ ನಡೆದುಕೊಂಡು ಹೋಗಿಬಿಡುತ್ತಾನೆ. ಅಮೆರಿಕದವರು ಇದಕ್ಕಿಂತ ದೊಡ್ಡ ಚಿತ್ರ ತೆಗೆದಿಲ್ಲ ಎಂದು ಹಾಲೇಶ ಎದೆ ತಟ್ಟಿ ಹೇಳುತ್ತಿದ್ದ.

ಅವನ ಗೆಳೆಯ ಜಂಬಣ್ಣನದು ಬೇರೆಯೇ ಹಾದಿ. ಅವನ ಚಿತ್ರದಲ್ಲಿ ಕುದುರೆಯಿಲ್ಲ, ಬಂದೂಕಿಲ್ಲ. ಒಂದು ಸಣ್ಣ ಊರಿನ ಟೆಲಿಫೋನ್ ಕಚೇರಿ, ಅಲ್ಲಿ ತಂತಿ ಚುಚ್ಚಿ ಊರವರ ಕರೆ ಕೂಡಿಸುವ ಒಬ್ಬ ಹುಡುಗಿ. ಎಲ್ಲರ ಮಾತನ್ನೂ ಎಲ್ಲರಿಗೂ ಮುಟ್ಟಿಸುತ್ತಾಳೆ. ಅವಳಿಗೆ ಮಾತ್ರ ಯಾರೂ ಫೋನ್ ಮಾಡುವುದಿಲ್ಲ.

ಇಬ್ಬರೂ ಒಂದೇ ಓಣಿಯವರು, ಒಂದೇ ಸ್ಕೂಟರಿನಲ್ಲಿ ಆಶ್ರಮಕ್ಕೆ ಬರುವವರು. ಬರುವಾಗಲೂ ಜಗಳ, ಹೋಗುವಾಗಲೂ ಜಗಳ.

"ಮಾತಾಡದೆ ಹೋಗೋದು ದೊಡ್ಡಸ್ತಿಕೆ ಅಲ್ಲ ಕಣೋ" ಎಂದು ಜಂಬಣ್ಣ ಹಿಂದಿನ ಸೀಟಿನಿಂದ ಕೂಗುತ್ತಿದ್ದ. ಗಾಳಿಯಲ್ಲಿ ಕೇಳಿಸದವನಂತೆ ಹಾಲೇಶ ಹಾರ್ನ್ ಹೊಡೆಯುತ್ತಿದ್ದ.

ಒಂದು ಶನಿವಾರ ಹಾಲೇಶನ ಪೂರ್ವಪಕ್ಷ ಹೀಗಿತ್ತು: "ಒಂದು ಹುಡುಗಿ ಫೋನ್ ಹಿಡ್ಕೊಂಡು ಎರಡು ಗಂಟೆ ಅಳ್ತಾಳೆ. ಅಷ್ಟೇ."

ಜಂಬಣ್ಣ ಉತ್ತರ ಕೊಡಲು ಬಾಯಿ ತೆರೆದ. ಕೆಲವು ವಾರಗಳಿಂದ ಅವನ ಗಂಟಲು ಕಟ್ಟಿತ್ತು. ಗೊರಗೊರ ಎಂದಿತೇ ಹೊರತು ಮಾತು ಬರಲಿಲ್ಲ.

"ನೋಡ್ರಪ್ಪ, ಬಾಯೇ ಬಿದ್ದುಹೋಯ್ತು! ಸೋತ!" ಎಂದ ಹಾಲೇಶ.

ಎಲ್ಲರೂ ನಕ್ಕರು. ಜಂಬಣ್ಣನೂ ನಕ್ಕ. ಆದರೆ ಅವತ್ತು ಮನೆಗೆ ಬಸ್ಸಿನಲ್ಲಿ ಹೋದ.

ಆಮೇಲೆ ಗೊತ್ತಾಯಿತು, ಗಂಟಲಲ್ಲಿ ಇದ್ದದ್ದು ಗಡ್ಡೆ. ಆಸ್ಪತ್ರೆಯವರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಅಷ್ಟರಲ್ಲಿ ರೋಗ ಮೈಗೆಲ್ಲ ಹಬ್ಬಿತ್ತು. ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು.

ಹಾಲೇಶ ನೋಡಲು ಹೋಗಲಿಲ್ಲ. ಓಣಿಯ ಆ ತುದಿಯಲ್ಲಿ ಮನೆ, ಆದರೂ ಸುತ್ತು ಬಳಸಿ ಓಡಾಡತೊಡಗಿದ. ಆಶ್ರಮಕ್ಕೆ ಮಾತ್ರ ಬರುತ್ತಿದ್ದ. ಬಂದು ಮೂಲೆಯಲ್ಲಿ ಕೂತು ಎದ್ದು ಹೋಗುತ್ತಿದ್ದ.

ಒಂದು ಸಂಜೆ ಗುರುಗಳು ಕೇಳಿದರು: "ಜಂಬಣ್ಣ ಹೇಗಿದ್ದಾನೆ?"

"ನಂಗೊತ್ತಿಲ್ಲ ಗುರುಗಳೇ."

"ಹೋಗಿಲ್ವಾ?"

"ಯಾವ ಮುಖ ಇಟ್ಕೊಂಡು ಹೋಗ್ಲಿ? ಬಾಯಿ ಬಿದ್ದುಹೋಯ್ತು ಅಂದವನು ನಾನು. ಈಗ ನಿಜವಾಗ್ಲೂ..." ಹಾಲೇಶ ಮುಖ ತಿರುಗಿಸಿಕೊಂಡ. "ತಪ್ಪಾಯ್ತು ಅಂತ ಹೇಳಬೇಕು. ಅವನು ಹೋಗೋದ್ರೊಳಗೆ ಹೇಳಬೇಕು. ಹೇಳಿದ್ರೆ ಅವನು ಏನಂತಾನೆ? ಅವನಿಗೆ ಏನೂ ಅನ್ನೋಕಾಗಲ್ಲ. ಮೂಕನ ಹತ್ರ ಕ್ಷಮೆ ಕೇಳಿ ಬಂದ್ರೆ ಕ್ಷಮಿಸಿದ ಅಂತ ಹೇಗೆ ತಿಳ್ಕೊಳ್ಳಲಿ?"

ಗುರುಗಳು ಎದ್ದರು. ಪ್ರೊಜೆಕ್ಟರಿಗೆ ರೀಲು ಏರಿಸಿದರು. ಅವನೊಬ್ಬನನ್ನೇ ಗೋಡೆಯ ಮುಂದೆ ಕೂರಿಸಿ ಟೆಲಿಫೋನ್ ಹುಡುಗಿಯ ಚಿತ್ರ ಹಾಕಿದರು.

ಹಾಲೇಶ ಅದನ್ನು ಎಷ್ಟೋ ಸಲ ನೋಡಿದ್ದ, ಅಂದರೆ ಮುಂದಿನ ವಾದಕ್ಕೆ ಮಸಾಲೆ ಅರೆಯುತ್ತ ನೋಡಿದ್ದ. ಈ ಸಲ ಅರೆಯಲು ಏನೂ ಇರಲಿಲ್ಲ. ಸುಮ್ಮನೆ ನೋಡಿದ.

ಚಿತ್ರ ಮುಗಿಯಿತು.

"ಹುಡುಗಿ ಎಷ್ಟು ಹೊತ್ತು ಅತ್ತಳು?" ಎಂದರು ಗುರುಗಳು.

ಹಾಲೇಶ ತಲೆ ತಗ್ಗಿಸಿದ. "ಒಂದು ಸಲಾನೂ ಅಳಲಿಲ್ಲ."

"ನಾಳೆ ಜಂಬಣ್ಣನ ಮನೆಗೆ ಹೋಗು. ಕ್ಷಮೆಗಿಮೆ ಕೇಳಬೇಡ. ನೀನು ಅವನಿಗೆ ಬಾಕಿ ಉಳಿಸಿಕೊಂಡಿರೋದು ಒಂದು ಪೂರ್ವಪಕ್ಷ. ಅದನ್ನ ಹೇಳು."

ಮರುದಿನ ಹಾಲೇಶ ಹೋದ. ಜಂಬಣ್ಣನ ಹೆಂಡತಿ ಅನಸೂಯಕ್ಕ ಬಾಗಿಲು ತೆರೆದು, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಜಂಬಣ್ಣ ಮಂಚದ ಮೇಲಿದ್ದ. ಕೊರಳಿಗೆ ಬಿಳಿ ಬಟ್ಟೆ. ಅಂಥ ದಪ್ಪ ಮನುಷ್ಯ ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಅನ್ನುವ ಹಾಗಾಗಿದ್ದ. ಹಾಲೇಶನಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಓಡಲಿಲ್ಲ, ಸ್ಟೂಲು ಎಳೆದುಕೊಂಡು ಕೂತ.

"ನಿನ್ನ ಪಕ್ಷ ಹೇಳೋಕೆ ಬಂದಿದೀನಿ" ಎಂದ. "ಆ ಹುಡುಗಿ ಅಳೋದಿಲ್ಲ. ನಾನು ಸುಳ್ಳು ಹೇಳಿದ್ದೆ. ಊರಿನವರೆಲ್ಲ ಅವಳ ಕಿವಿಯಲ್ಲಿ ಅಳ್ತಾರೆ, ಅವಳು ಕೇಳಿಸ್ಕೊತಾಳೆ. ಅದಕ್ಕೇ ಅದು ದೊಡ್ಡ ಚಿತ್ರ."

ಜಂಬಣ್ಣನ ಕೈ ಮಂಚದ ಪಟ್ಟಿಯ ಮೇಲಿಂದ ಎದ್ದಿತು. ಹಾಲೇಶ ಉಸಿರು ಹಿಡಿದ. ಕೈ ತಟ್ಟಲಿಲ್ಲ. ಅತ್ತಿತ್ತ ಆಡಿತು. ಸಾಲದು.

"ಸಾಲದಾ? ಸರಿ, ನಾಳೆ ಬರ್ತೀನಿ."

ಮಾರನೆಯ ದಿನ ಇನ್ನಷ್ಟು ಹೇಳಿದ. ಅವಳು ಹೆಸರು ಕೇಳದೆ, ಉಸಿರಿನಲ್ಲೇ ಜನರನ್ನು ಗುರುತಿಸುವುದು. ಜಗಳವಾಡಿದ ಅಣ್ಣತಮ್ಮಂದಿರ ಫೋನನ್ನು ಬೇಕೆಂದೇ ಕೂಡಿಸಿಬಿಡುವುದು. ಆ ಜಾಗದಲ್ಲಿ ಜಂಬಣ್ಣನ ಕಣ್ಣು ಮಿಂಚಿತು. ಕೈ ಮತ್ತೆ ಎದ್ದು, ಮತ್ತೆ ಅತ್ತಿತ್ತ ಆಡಿತು.

ಹೀಗೆ ದಿನಾ ನಡೆಯಿತು. ಹಾಲೇಶ ಬೆಳಗ್ಗೆ ಎದ್ದರೆ ಅದೇ ಯೋಚನೆ, ಇವತ್ತು ಏನು ಹೇಳಲಿ. ಕುದುರೆಯ ನೆನಪೇ ಇರಲಿಲ್ಲ. ಜಂಬಣ್ಣ ದಿನದಿನಕ್ಕೆ ಸಣ್ಣಗಾಗುತ್ತಿದ್ದ, ಚಿತ್ರ ದಿನದಿನಕ್ಕೆ ದೊಡ್ಡದಾಗುತ್ತಿತ್ತು.

ಒಂದು ಮಧ್ಯಾಹ್ನ ಕೊನೆಯ ದೃಶ್ಯಕ್ಕೆ ಬಂದ.

"ಬಿರುಗಾಳಿಗೆ ಕಂಬಗಳೆಲ್ಲ ಬಿದ್ದಿವೆ. ಲೈನ್ ಸತ್ತಿದೆ. ಎಲ್ಲರೂ ಕಚೇರಿ ಬಿಟ್ಟು ಹೋಗಿದಾರೆ. ಅವಳು ಮಾತ್ರ ಕಿವಿಗೆ ರಿಸೀವರ್ ಇಟ್ಕೊಂಡು ಕೂತಿದಾಳೆ. ಹೇಳಿ, ಕೇಳಿಸ್ತಿದೆ, ಅಂತಾಳೆ. ಕೇಳಿಸೋಕೆ ಏನೂ ಇಲ್ಲ. ಆದ್ರೂ ಕೇಳಿಸ್ತಿದೆ ಅಂತಾಳೆ." ಹಾಲೇಶ ತೋಳಿನಿಂದ ಮೂಗು ಒರೆಸಿಕೊಂಡ. "ನನ್ನ ಸವಾರ ಎದ್ದು ಹೋದ ಜಂಬಣ್ಣ. ಇವಳು ಹೋಗಲಿಲ್ಲ."

ಜಂಬಣ್ಣ ಅವನನ್ನೇ ಬಹಳ ಹೊತ್ತು ನೋಡಿದ. ಕೈ ಎದ್ದಿತು. ಅಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಹಾಲೇಶನ ಮಣಿಕಟ್ಟನ್ನು ಹಿಡಿದುಕೊಂಡಿತು.

ತಟ್ಟಲಿಲ್ಲ.

ಹಾಲೇಶ ಮರುದಿನ ಬಂದಾಗ ಅಂಗಳದಲ್ಲಿ ಜನ ನಿಂತಿದ್ದರು.

ಮಣ್ಣಾಯಿತು. ಎಲ್ಲರೂ ಚದುರಿದ ಮೇಲೆ ಹಾಲೇಶ ಅನಸೂಯಕ್ಕನ ಮುಂದೆ ನಿಂತ.

"ಅಕ್ಕಾ, ಒಂದು ಸಲಾನಾದ್ರೂ ತಟ್ಟಬಾರದಿತ್ತಾ ಅವನು? ಅಷ್ಟು ಕೋಪ ಇತ್ತಾ?"

ಅನಸೂಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂಗೇನು ಗೊತ್ತಪ್ಪ ನಿಮ್ಮ ಸಿನಿಮಾ ವ್ಯವಹಾರ. ಬೆಳಗಾದ್ರೆ ಗಡ್ಡ ಹೆರೆಸ್ಕೊಂಡು, ಬಾಗಿಲ ಕಡೆ ತಿರುಗಿಸು ಅಂತ ಸನ್ನೆ ಮಾಡೋರು. ತಟ್ಟಿಬಿಟ್ಟಿದ್ರೆ ನೀನು ಮಾರನೇ ದಿನ ಬರ್ತಿದ್ದೆಯಾ?"

ಹಾಲೇಶ ಅಲ್ಲಿಂದ ನೇರ ಹೊಳೆಗೆ ಹೋದ. ಸ್ಕೂಟರಿನ ಹಿಂದಿನ ಸೀಟು ದಾರಿಯುದ್ದಕ್ಕೂ ಖಾಲಿ ಗಡಗಡ ಅನ್ನುತ್ತಿತ್ತು.

ಗುರುಗಳು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಮೋಡ ಕವಿದು ನೀರು ಕಪ್ಪಾಗಿತ್ತು. ಹಾಲೇಶ ಅವರ ಕಾಲ ಬಳಿ ಕುಸಿದ.

"ಹೋದ ಗುರುಗಳೇ."

"ಹ್ಞೂ."

"ನನಗೆ ಗೊತ್ತಿದ್ದದ್ದೆಲ್ಲ ಹೇಳಿದೆ. ಏನೂ ಉಳಿಸಿಕೊಳ್ಳಲಿಲ್ಲ. ಅವನು ತಟ್ಟಲಿಲ್ಲ. ಅನಸೂಯಕ್ಕ ಏನೋ ಸಮಾಧಾನ ಹೇಳಿದಳು, ನಂಬೋಕೆ ಧೈರ್ಯ ಬರ್ತಿಲ್ಲ." ಹಾಲೇಶ ಬಿಕ್ಕಿದ. "ನಾನೀಗ ಏನು ಮಾಡಲಿ? ಇನ್ನು ತಟ್ಟೋರು ಯಾರು?"

ಗುರುಗಳು ಪಕ್ಕದ ಕಲ್ಲಿನ ಮೇಲಿದ್ದ ತರಗೆಲೆಯನ್ನು ಕೈಯಿಂದ ಸರಿಸಿದರು. ಜಂಬಣ್ಣ ಯಾವಾಗಲೂ ಕೂರುತ್ತಿದ್ದ ಜಾಗ ಅದು. ಅದನ್ನು ಹಾಗೇ ಖಾಲಿ ಬಿಟ್ಟು, ಎದುರಿನ ಮೆಟ್ಟಿಲನ್ನು ತೋರಿಸಿದರು.

"ತಟ್ಟಿಲ್ಲ ಅಂದಮೇಲೆ ಮುಗಿದಿಲ್ಲ. ಕೂತ್ಕೋ, ಮೊದಲಿಂದ ಹೇಳು."