ಹೊನ್ನಯ್ಯ ಕಟ್ಟಿದ ಗಂಟು

ಹಿಮದ ಬೆಟ್ಟದ ತಪ್ಪಲಲ್ಲಿ, ಹೊಳೆಯ ದಂಡೆಗೆ ಒಂದು ಆಶ್ರಮ. ಚೈತ್ರ ಬಂತೆಂದರೆ ಗುರುಗಳು ಒಬ್ಬ ಶಿಷ್ಯನನ್ನು ಮೇಲಿನ ಗುಹೆಗೆ ಕಳಿಸುವರು. ನಾಲ್ಕಾರು ದಿನ ಒಬ್ಬನೇ ಇದ್ದು ಬರಬೇಕು.

ಅಲ್ಲಿಯ ಕಟ್ಟಳೆಯೇ ಬೇರೆ. ಹೋಗುವವನು ತನ್ನ ಬೆನ್ನಿನ ಗಂಟನ್ನು ತಾನು ಕಟ್ಟಿಕೊಳ್ಳುವ ಹಾಗಿಲ್ಲ. ಉಳಿಯುವವನೊಬ್ಬ ಕಟ್ಟಿಕೊಡಬೇಕು. ಗುಹೆ ಮುಟ್ಟುವ ತನಕ ಬಿಚ್ಚಬಾರದು.

ಈ ಸಲ ಗುರುಗಳು ಮರುಳಸಿದ್ಧನಿಗೆ, "ನೀನು ಹೋಗಿ ಬಾ" ಎಂದರು. ವರ್ಷಗಟ್ಟಲೆ ಕಾದಿದ್ದ ಮಾತು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನನ್ನ ಗಂಟು ಯಾರು ಕಟ್ಟುತ್ತಾರೆ ಗುರುಗಳೇ?"

"ಹೊನ್ನಯ್ಯ."

ಏರಿದ ಸಂತೋಷ ಜರ್ರನೆ ಇಳಿಯಿತು.

ಹೋದ ವರ್ಷ ಬೆಟ್ಟಕ್ಕೆ ಹೋದವನು ಹೊನ್ನಯ್ಯ. ಗಂಟು ಕಟ್ಟಿದವನು ಮರುಳಸಿದ್ಧ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ ನೋಡಿ. ಕಂಬಳಿಯನ್ನೂ ಉಣ್ಣೆಯ ಕಾಲುಚೀಲವನ್ನೂ ತೆಗೆದು, ಆ ಜಾಗಕ್ಕೆ ಹುಲ್ಲು ತುರುಕಿದ್ದ. ನಡುಗಿ ಮರುದಿನವೇ ಇಳಿದು ಬಂದು ನಗೆಪಾಟಲಾಗಲಿ ಎಂಬುದಷ್ಟೇ ಅವನ ಆಸೆ. ಆದರೆ ಬೆಟ್ಟದಲ್ಲಿ ಅಕಾಲದ ಹಿಮ ಬಿತ್ತು. ಕುರುಬರು ಹೊನ್ನಯ್ಯನನ್ನು ಹೊತ್ತು ತಂದರು. ವೈದ್ಯರು ಎಡ ಪಾದವನ್ನೇ ತೆಗೆಯಬೇಕಾಯಿತು.

ಈಗ ಅದೇ ಹೊನ್ನಯ್ಯ ಊರುಗೋಲು ಊರಿ ಬಂದು, ಬಿಸಿಲಲ್ಲಿ ಕೂತು ಗಂಟು ಕಟ್ಟಿದ.

"ಮೇಲೆ ಚಳಿ ಜಾಸ್ತಿ ಮಾರಾಯ" ಎಂದ.

"ಯಾಕೆ ಹಾಗಂತೀಯ? ನಾನೇನು ಮಾಡಿದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ. ಹೊನ್ನಯ್ಯ ಹಗ್ಗ ಬಿಗಿದ.

ಹೊಳೆ ದಾಟುವ ಮೊದಲೇ ಮರುಳಸಿದ್ಧ ಬಂಡೆಯ ಮರೆಯಲ್ಲಿ ಗಂಟು ಬಿಚ್ಚಿದ. ಹುಲ್ಲೇ ಇರುತ್ತದೆ ಎಂದು ನಂಬಿದ್ದ. ಹುಲ್ಲೇ ಇರಲಿ ಎಂದೂ ಬೇಡಿಕೊಂಡಿದ್ದ. ಇದ್ದಿದ್ದರೆ ಇಬ್ಬರೂ ಸಮ ಆಗುತ್ತಿದ್ದರು.

ಹುಲ್ಲು ಇರಲಿಲ್ಲ. ಹುರಿಹಿಟ್ಟು, ಬೆಲ್ಲ, ಚಕಮಕಿ ಕಲ್ಲು, ಒಣ ಪುಳ್ಳೆ, ಹೊಸದಾಗಿ ಹೆಣೆದ ಉಣ್ಣೆಯ ಕಾಲುಚೀಲ, ಎರಡು ಕಂಬಳಿ. ಅದರಲ್ಲಿ ಒಂದು ಹೊನ್ನಯ್ಯ ದಿನಾ ಹೊದೆಯುವುದು.

ಬಿಚ್ಚಿದ ಗಂಟನ್ನು ಎತ್ತಿಕೊಂಡು ಅವನು ಗುರುಗಳ ಬಳಿಗೆ ಓಡಿದ.

"ಹೋದ ವರ್ಷ ಕಂಬಳಿ ತೆಗೆದವನು ನಾನು."

"ಗೊತ್ತು."

"ಹೊನ್ನಯ್ಯ ಹೇಳಿದನೇ?"

"ಕಂಬಳಿ ಹೊಳೆಗೆ ಬಿತ್ತು ಅಂದ. ಅವನ ಜೊತೆ ವಾಪಸು ಬಂದ ಗಂಟಿನಲ್ಲಿ ನಮ್ಮ ಕೊಟ್ಟಿಗೆಯ ಹುಲ್ಲಿತ್ತು."

"ಗೊತ್ತಿದ್ದೂ ನನ್ನ ಗಂಟು ಕಟ್ಟಲು ಅವನಿಗೇ ಹೇಳಿದಿರಾ?"

"ನಾನು ಹೇಳಲಿಲ್ಲ. ಅವನೇ ಕೇಳಿಕೊಂಡ."

ಮರುಳಸಿದ್ಧ ಗಳಗಳ ಅತ್ತ. ಹುಟ್ಟಿದಾರಭ್ಯ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

"ಈಗಲೇ ಹೋಗಿ ಅವನ ಕ್ಷಮೆ ಕೇಳುತ್ತೇನೆ ಗುರುಗಳೇ. ಆಮೇಲೆ ಹಗುರಾಗಿ ಬೆಟ್ಟ ಹತ್ತುತ್ತೇನೆ."

ಗುರುಗಳು ಗಂಟನ್ನು ಮತ್ತೆ ಬಿಗಿದು ಅವನ ಬೆನ್ನಿಗೇರಿಸಿದರು.

"ಕೇಳಬೇಡ. ಅವನು ಕ್ಷಮಿಸಿಬಿಡುತ್ತಾನೆ."