ಸೋರುವ ಗಡಿಗೆಗಳು

"ಗುರುಗಳೇ, ನನ್ನ ಪೂಜೆ ಅಪ್ಪನಿಗೆ ಮುಟ್ಟಿತೋ ಇಲ್ಲವೋ?" ಎಂದು ಶಿಷ್ಯನೊಬ್ಬ ಕೇಳಿದ.

"ಏಕೆ ಮುಟ್ಟಬಾರದು?"

"ನಿನ್ನೆ ಅವರ ತಿಥಿ. ಎಳ್ಳುನೀರು ಬಿಡುವಾಗ ನನಗೆ ನಗು ಬಂದುಬಿಟ್ಟಿತು. ಹಿಂದೆ ತಾತನ ತಿಥಿಯಲ್ಲಿ ಇದೇ ಹೊತ್ತಿಗೆ ಅಪ್ಪ, 'ಎಳ್ಳುನೀರಿಗೆಲ್ಲ ಮುದುಕ ಬರುವವನಲ್ಲ, ಎಳ್ಳುಂಡೆ ಕಟ್ಟಿದ್ದರೆ ಓಡಿ ಬರುತ್ತಿದ್ದ' ಅಂದಿದ್ದರು. ಅದು ನೆನಪಾಯಿತು. ತಡೆಯಲಾಗಲಿಲ್ಲ."

ಗುರುಗಳು ಜಪಮಾಲೆಯನ್ನು ಮಡಿಲಲ್ಲಿಟ್ಟುಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಅವನ ಮನೆಯಲ್ಲಿ ಒಂದು ಪದ್ಧತಿ. ಗಡಿಗೆ ಸುಡುವ ಆವಿಗೆಗೆ ಬೆಂಕಿ ಇಡುವ ಮೊದಲು ಮನೆಯವರೆಲ್ಲ ಸುತ್ತ ನಿಲ್ಲಬೇಕು. ಹಿರಿಯನಾದವನು ಕೈಮುಗಿದು ದೇವರನ್ನು ಬೇಡಿಕೊಳ್ಳಬೇಕು. ಆ ಬೇಡಿಕೆ ಮುಗಿಯದೆ ಬೆಂಕಿ ಇಡುವಂತಿಲ್ಲ.

ಕುಂಬಾರ ಬೇಡಿಕೊಳ್ಳುತ್ತಿದ್ದದ್ದು ಹೀಗೆ: "ಸ್ವಾಮೀ, ನೀನೂ ಕುಂಬಾರ, ನಾನೂ ಕುಂಬಾರ. ನಿನ್ನ ಗಡಿಗೆಗಳ ಸಂಗತಿ ನನಗೆ ಗೊತ್ತು. ಒಂದರ ಮೂಗು ಸೊಟ್ಟ, ಒಂದರ ಹೊಟ್ಟೆ ಡೊಳ್ಳು, ಎಲ್ಲವೂ ಕಣ್ಣಿನ ಹತ್ತಿರ ಸೋರುತ್ತವೆ. ಹೋಗಲಿ, ನಾನು ಯಾರಿಗೂ ಹೇಳುವುದಿಲ್ಲ. ನನ್ನವು ಸೋರದ ಹಾಗೆ ನೀನು ನೋಡಿಕೋ."

ಡೊಳ್ಳು ಅನ್ನುವಾಗ ತನ್ನ ಹೊಟ್ಟೆಯನ್ನೇ ತಟ್ಟಿಕೊಳ್ಳುತ್ತಿದ್ದ. ಮೊಮ್ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಹೆಂಡತಿ, "ದೇವರ ಹತ್ತಿರವೂ ನಿಮ್ಮದು ಇದೇ ಆಯಿತಲ್ಲ!" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಕುಂಬಾರ ತೀರಿಕೊಂಡ.

ಮಗನಿಗೆ ದುಃಖಕ್ಕಿಂತ ದೊಡ್ಡದೊಂದು ಭಯ ಹಿಡಿಯಿತು. ಜೀವಮಾನವೆಲ್ಲ ದೇವರೊಡನೆ ಸಲಿಗೆಯಿಂದ ಮಾತಾಡಿದವನು ಅಪ್ಪ. ಅಂಥವನಿಗೆ ಸದ್ಗತಿ ಸಿಕ್ಕೀತೇ? "ಅಪ್ಪನ ತಮಾಷೆಯನ್ನು ಈ ಮನೆಯಲ್ಲಿ ಇನ್ನು ಯಾರೂ ಎತ್ತಬಾರದು" ಎಂದು ಕಟ್ಟಪ್ಪಣೆ ಮಾಡಿದ. ಮನೆ ತಣ್ಣಗಾಯಿತು. ತಾಯಿಯಂತೂ ಮಾತನ್ನೇ ಬಿಟ್ಟಳು.

ಅಪ್ಪನಿಲ್ಲದ ಮೊದಲ ಆವಿಗೆಯ ದಿನ ಬಂತು. ಹಿರಿಯನ ಜಾಗದಲ್ಲಿ ಈಗ ಮಗ ನಿಲ್ಲಬೇಕು. ಅವನು ಮಿಂದು, ಮಡಿಯುಟ್ಟು, ಗುಡಿಯ ಅರ್ಚಕರಿಂದ ಕಲಿತುಬಂದ ಮಾತುಗಳನ್ನು ಹೇಳತೊಡಗಿದ. "ಸ್ವಾಮೀ, ನನ್ನ ತಂದೆ ತಿಳಿಯದೆ ಆಡಿದ ಮಾತುಗಳನ್ನು ಮನ್ನಿಸು. ಅವನನ್ನು..."

ಮುಂದಿನ ಮಾತು ಬರಲೇ ಇಲ್ಲ. ಕೈಮುಗಿದೇ ನಿಂತಿದ್ದ, ಕಣ್ಣೀರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಬೇಡಿಕೆ ಮುಗಿದಿಲ್ಲ, ಬೆಂಕಿ ಇಡುವಂತಿಲ್ಲ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ.

ಅವನ ಪುಟ್ಟ ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ತಾನೂ ಕೈಮುಗಿದಳು.

"ಸ್ವಾಮೀ, ತಾತ ಹೇಳಿದ್ದು ನಿಜ. ನೋಡು, ಇದೂ ಸೋರ್ತಾ ಇದೆ."

ಮೊದಲು ನಕ್ಕವಳು ಅವನ ತಾಯಿ. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಮಾತು ಬಂತು. "ಸೋರಲಿ ಬಿಡೇ. ಮಾಡಿದವನೇ ಬಂದು ತೇಪೆ ಹಾಕ್ಕೋತಾನೆ."

ಥೇಟ್ ಅಪ್ಪನ ಮಾತಿನ ಹಾಗೇ ಇತ್ತು. ಮಗ ಅಳುತ್ತಳುತ್ತಲೇ ನಕ್ಕುಬಿಟ್ಟ. ಅರ್ಚಕರ ಮಾತೆಲ್ಲ ಮರೆತುಹೋಯಿತು. "ಸ್ವಾಮೀ, ಅಪ್ಪನಂಥವನನ್ನು ಇಷ್ಟು ವರ್ಷ ನಮ್ಮ ಮನೆಯಲ್ಲಿ ಇಟ್ಟಿದ್ದೆಯಲ್ಲ, ನಿನ್ನದು ದೊಡ್ಡ ಮನಸ್ಸು" ಎಂದಷ್ಟೇ ಹೇಳಿ ಬೆಂಕಿ ಇಟ್ಟ.

ಕತೆ ಮುಗಿಯಿತು.

"ಆ ಸಲ ಗಡಿಗೆಗಳು ಚೆನ್ನಾಗಿ ಬೆಂದವೇ, ಗುರುಗಳೇ?"

"ಎಂದಿನ ಹಾಗೆ. ಕೆಲವು ಒಡೆದವು, ಉಳಿದವು ಸಂತೆಗೆ ಹೋದವು."

"ಆದರೆ ನನ್ನ ಪೂಜೆ? ಅದು ಅಪ್ಪನಿಗೆ ಮುಟ್ಟಿತೋ ಇಲ್ಲವೋ, ನೀವು ಹೇಳಲೇ ಇಲ್ಲ."

ಗುರುಗಳು ಜಪಮಾಲೆಯನ್ನು ಮತ್ತೆ ಕೈಗೆತ್ತಿಕೊಂಡರು.

"ಪ್ರಸಾದವೇ ನಗುವಾಗಿ ನಿನ್ನ ಬಾಯಿಗೆ ಬಿದ್ದಿದೆ, ಪೂಜೆ ಮುಟ್ಟಿತೋ ಇಲ್ಲವೋ ಅಂತ ಇನ್ನೂ ಕೇಳುತ್ತೀಯಲ್ಲ, ಮಗು!"